ಅಮ್ಮ ಕೊನೆಗೆ ಅಂದದ್ದು

ನವೆಂಬರ್ ೨೦, ಬುಧವಾರ. ಯಲಬುರ್ಗಾ

ಬರೆಯುವಂಥದ್ದು ಏನೂ ಇಲ್ಲ. ಆದರೂ ಬರೆಯುತ್ತೇನೆ. ಮನೆ ತುಂಬ ಜನ, ಎಲ್ಲರಿಗೂ ಮಾತು ಬೇಕು. ಪೆನ್ನು ಹಿಡಿದು ಕೂತವಳನ್ನು ಯಾರೂ ಮಾತಾಡಿಸುವುದಿಲ್ಲ. ಖರ್ಚು ಬರೆಯುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ನಿನ್ನೆ ಅಮ್ಮನ ದಸವಾ. ಹತ್ತನೆಯ ದಿನದ ಫಾತಿಹಾ ಆಯಿತು, ಬಿರಿಯಾನಿ ಕಡಿಮೆ ಬೀಳಲಿಲ್ಲ, ಅಬ್ಬಾಗೆ ಅದೇ ದೊಡ್ಡ ಸಮಾಧಾನ. ಬಂದ ಹೆಂಗಸರಿಗೆಲ್ಲ ನನ್ನ ಕಣ್ಣಿನದೇ ಚಿಂತೆ. ಉಜ್ಮಾ ಅತ್ತಳೇ, ಅಳಲಿಲ್ಲವೇ? ಒಬ್ಬೊಬ್ಬರೂ ಬಂದು ಗದ್ದ ಹಿಡಿದು, "ಅತ್ತಬಿಡವಾ, ಎದಿ ಹಗುರಾಕೈತಿ" ಅನ್ನುತ್ತಾರೆ. ನನ್ನ ಎದೆ ಭಾರವಾಗಿಯೇ ಇಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ತುಟಿ ಇರುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ತುಟಿ ಅನಿಸುತ್ತದೆ, ಹಾಗಿದ್ದೇನೆ.

ಬಾನುಬೀ ಖಾಲಾ ಗಂಗಾವತಿಗೆ ಇನ್ನೂ ಹೊರಟಿಲ್ಲ. ಅಮ್ಮನ ತಂಗಿ, ಇರಬೇಕಾದ್ದೇ. ಆದರೆ ಬಂದವರಿಗೆಲ್ಲ ಕೊನೆಯ ಗಳಿಗೆಯ ಕಥೆ ಹೇಳುತ್ತಾಳೆ. "ಮಕ್ಕಾದ ಝಮ್‌ಝಮ್ ನೀರು ಚಮಚದಾಗ ಹಿಡಕೊಂಡು ಮಗಳು ತಲಿಕಡೆ ಕುಂತಿದ್ಲು. ಅಕ್ಕ ಕಣ್ಣ ತೆರದ್ಲು. 'ನಕ್ಕೋ' ಅಂದ್ಲು. ಅಷ್ಟ. ಅದ ಕೊನೀ ಮಾತು."

ನಕ್ಕೋ. ನಮ್ಮ ಮನೆಯ ದಖನಿಯಲ್ಲಿ ಬೇಡ ಅಂತ. ತರಕಾರಿಯವನಿಗೂ ನಾವು ಅದನ್ನೇ ಅನ್ನುವುದು. ಹೆಂಗಸರು ನನ್ನ ಕಡೆ ನೋಡಿ ತಲೆ ಆಡಿಸುತ್ತಾರೆ. ಅಡುಗೆಮನೆಯಲ್ಲಿ ಖಾಲಾ ಇನ್ನೂ ಒಂದು ಮಾತು ಸೇರಿಸಿದ್ದು ಕಿವಿಗೆ ಬಿತ್ತು: "ಮಗಳು ಮದುವಿ ನಕ್ಕೋ ಅಂದ್ಲು, ಹಾಡು ಬೇಕು ಅಂದ್ಲು. ಕೊನಿಗೆ ತಾಯಿ ಆಕಿ ಕೈಯಾಗಿನ ನೀರು ನಕ್ಕೋ ಅಂದ್ಲು."

ನಿಜವಿರಬಹುದು. ಅಮ್ಮ ನನ್ನ ಒಂದು ಕಾರ್ಯಕ್ರಮಕ್ಕೂ ಬಂದವಳಲ್ಲ. ಹಾಡಬೇಡ ಅಂತಲೂ ಅಂದವಳಲ್ಲ. ಆ ಗಳಿಗೆಯದು ನನಗೆ ನೆನಪಿರುವುದು ಚಮಚ ಮಾತ್ರ. ಅಮ್ಮನ ಮುಖ ನೆನಪಿಗೆ ಬರುವುದಿಲ್ಲ.

ನವೆಂಬರ್ ೨೪

ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅಬ್ಬಾ ಏನೂ ಅನ್ನದೆ ಉಂಡರು. ಖಾಲಾ ಅಂದಳು.

ನವೆಂಬರ್ ೩೦, ಶನಿವಾರ

ನಿನ್ನೆ ಕುಷ್ಟಗಿಯಲ್ಲಿ ಕಾರ್ಯಕ್ರಮವಿತ್ತು. ಗೋಣೆಪ್ಪ ಮಾಸ್ತರರ ಮೇಳದಲ್ಲಿ ಹತ್ತು ವರ್ಷದಿಂದ ಹಾಡುತ್ತಿದ್ದೇನೆ. ಹಾರ್ಮೋನಿಯಂ ಅವರದು, ಗಂಟಲು ನನ್ನದು. "ಇನ್ನಾ ನಲವತ್ತು ಆಗಿಲ್ಲವಾ, ನೀ ಮನ್ಯಾಗಿರು, ನಾ ಹೆಂಗರ ಮಾಡ್ತೀನಿ" ಅಂದರು. ನಾನೇ ಬರುತ್ತೇನೆ ಅಂದೆ. ಮನೆಯಲ್ಲಿ ಕೂತು ಅದೇ ಕಥೆ ಕೇಳುವುದಕ್ಕಿಂತ ಕುಷ್ಟಗಿ ಬಸ್ಸಿನ ಧೂಳು ವಾಸಿ.

ಹಾಡಿದೆ. ತತ್ವಪದ ಎರಡು, ಹುಲಿಗೆಮ್ಮನ ಪದ ಒಂದು, ಸಿನಿಮಾದ್ದು ನಾಲ್ಕೋ ಐದೋ. ನಲ್ಲಿ ತಿರುವಿದರೆ ನೀರು ಬಂದಂತೆ ಬಂದವು. ಶ್ರುತಿ ತಪ್ಪಲಿಲ್ಲ, ಸಾಲು ಮರೆಯಲಿಲ್ಲ. ಹಾಡುವವಳು ಅಲ್ಲಿ ಎಲ್ಲೋ ನಿಂತಿದ್ದಾಳೆ, ನಾನು ಕುರ್ಚಿಯಲ್ಲಿ ಕೂತು ಕೇಳುತ್ತಿದ್ದೇನೆ ಅನಿಸಿತು. ಚಪ್ಪಾಳೆ ತಟ್ಟಬೇಕೆಂದೂ ಅನಿಸಲಿಲ್ಲ.

ಆಮೇಲೆ ಜನ ಕೂಗಿದರು, "ಅಕ್ಕಾರ, ನಕ್ಕೋ ನಕ್ಕೋ ಹಾಡ್ರಿ!" ಕೂಗದೆ ಇರುತ್ತಾರೆಯೇ? ನನ್ನ ಹೆಸರು ಗೊತ್ತಿಲ್ಲದವರಿಗೂ ಆ ಹಾಡು ಗೊತ್ತು. 

ನಕ್ಕೋ ನಕ್ಕೋ ನನ ಕೂಸ
ನಕ್ಕರ ಕಾಣ್ತಾವ ಹಾಲ್ಗಾಳ

ಅತ್ತ ಮಗುವನ್ನು ನಗು ನಗು, ಹಾಲುಹಲ್ಲು ಕಾಣಲಿ ಅಂತ ಆಡಿಸುವ ಹಾಡು. ಪಕ್ಕದ ಮನೆಯ ಹಂಪವ್ವ ಆಯಿಯಿಂದ ಕಲಿತದ್ದು. ಮಾಸ್ತರರು ಸ್ವರ ಹಿಡಿದರು, ನಾನು ಬಾಯಿ ತೆರೆದೆ. ಮೊದಲ ಮಾತೇ ಹೊರಡಲಿಲ್ಲ. ಮಾಸ್ತರರು ಇನ್ನೊಂದು ಸುತ್ತು ನುಡಿಸಿದರು, ಮತ್ತೊಂದು ಸುತ್ತು ನುಡಿಸಿದರು, ಕೊನೆಗೆ ತಾವೇ ಬೇರೇನೋ ಎತ್ತಿಕೊಂಡು ಹಾಡಿ ಮುಗಿಸಿದರು.

ಬರುವಾಗ ಕೇಳಿದರು. "ಗಂಟ್ಲ ಕೆಟ್ಟೈತೇನು?"

"ಇಲ್ರಿ."

"ಮತ್ತ?"

"ಆ ಮಾತ ಬರವಲ್ದ್ರಿ."

ಹಾರ್ಮೋನಿಯಂ ಪೆಟ್ಟಿಗೆ ಸರಿಸಿಕೊಂಡು, "ಜನವರಿ ಕೊನಿಗೆ ಕೊಪ್ಪಳದಾಗ ದೊಡ್ಡ ಕಾರ್ಯಕ್ರಮ ಐತವಾ. ಅವ್ರು ಕರದಿದ್ದ ಆ ಹಾಡಿಗೆ. ಬರ್ಲಿಲ್ಲ ಅಂದ್ರ ಬ್ಯಾರೆ ಹುಡುಗಿನ್ನ ನೋಡಬೇಕಾಕೈತಿ, ತಪ್ಪ ತಿಳ್ಕೋಬ್ಯಾಡ" ಅಂದರು. ನೋಡ್ರಿ ಅಂದೆ. ಕಿಟಕಿಯಾಚೆ ಕಡಲೆ ಹೊಲ ಕಾಣುತ್ತಿತ್ತು, ಅದನ್ನು ನೋಡುತ್ತ ಬಂದೆ.

ಅಮ್ಮ ನೀರು ಬೇಡ ಅಂದಳೋ, ನನ್ನನ್ನೇ ಬೇಡ ಅಂದಳೋ. ನನಗೆ ಬೇಕಾದ್ದು ಇದೊಂದು ಉತ್ತರ. ಹಾಡು ಆಮೇಲೆ. ಆದರೆ ಕೇಳಬೇಕಾದವಳನ್ನು ಹೂಳಿ ಬಂದಾಗಿದೆ.

ಡಿಸೆಂಬರ್ ೫, ಗುರುವಾರ

ಕೊಪ್ಪಳದಿಂದ ಭವಾನಿ ಎಂಬುವರು ಬಂದಿದ್ದರು. ಕಾಲೇಜಿನಲ್ಲಿ ಪಾಠ ಹೇಳುತ್ತಾರಂತೆ, ನಮ್ಮ ಕಡೆಯ ಹಾಡುಗಾರರ ಮಾತು, ಹಾಡು ಎಲ್ಲ ರೆಕಾರ್ಡ್ ಮಾಡಿ ಇಡುತ್ತಾರಂತೆ. ಅಮ್ಮ ತೀರಿಕೊಂಡದ್ದು ಬಾಗಿಲಿಗೆ ಬಂದ ಮೇಲೆ ಗೊತ್ತಾಗಿ, "ಇನ್ನೊಮ್ಮಿ ಬರ್ತೀನ್ರಿ" ಅಂದರು. ಬಂದದ್ದಾಯಿತು ಕೂಡ್ರಿ ಅಂದೆ. ಒಳ್ಳೆಯ ಹುಡುಗಿ. ಕೇಳಿ ಸುಮ್ಮನಿರುತ್ತಾರೆ, ನಾವು ಮಾತಾಡುವವರೆಗೂ.

"ನಿಮ್ಮ ಗುರುಗಳು ಯಾರ್ರಿ?"

ಯಾರೂ ಇಲ್ಲ ಅಂದೆ. ಅವರು ರೆಕಾರ್ಡ್ ಮಾಡುವ ಮಷೀನು ಆರಿಸಲಿಲ್ಲ. ಆಗ ಹೇಳುತ್ತ ಹೋದೆ, ರೇಶನ್ ಅಂಗಡಿಯವನು ಹೆಸರು ಓದಿದಂತೆ. ಮೊದಲು ಅಬ್ಬಾನ ಬಿಲ್ಲು. ಆಗ ನಮ್ಮ ಗಾದಿ ಅಂಗಡಿಗೆ ಹತ್ತಿ ಹಿಂಜುವ ಮಷೀನು ಬಂದಿರಲಿಲ್ಲ. ಅಬ್ಬಾ ಹತ್ತಿ ಹಿಂಜುವ ಬಿಲ್ಲಿನ ತಂತಿ ಮೀಟುತ್ತಿದ್ದರೆ ಓಣಿ ತುಂಬ ಢಂಯ್ ಅನ್ನುತ್ತಿತ್ತು. ಅದೇ ನನ್ನ ಮೊದಲ ತಂಬೂರಿ. ಅದರ ಮೇಲೆ ಅಬ್ಬಾ ಮೊಹರಮ್ಮಿನ ರಿವಾಯತ್ ಪದ ಹಾಡುತ್ತಿದ್ದರು. ಕರ್ಬಲಾದ ಕಥೆ, ಆದರೆ ಅಪ್ಪಟ ಯಲಬುರ್ಗಾ ಕನ್ನಡ. ನೀರಿಲ್ಲದೆ ಸತ್ತ ಮಕ್ಕಳಿಗಾಗಿ ಆ ಪದದಲ್ಲಿ ನಮ್ಮ ಜೋಳದ ಹೊಲದ ಹೆಂಗಸರೇ ಅಳುತ್ತಾರೆ. ದೊಡ್ಡವಳಾದ ಮೇಲೇ ನನಗೆ ಕರ್ಬಲಾ ಇರುವುದು ಕುಷ್ಟಗಿಯ ಆಚೆಗೆ ಅಲ್ಲ ಎಂದು ಗೊತ್ತಾದದ್ದು. ಭವಾನಿ ನಕ್ಕರು.

ಆಮೇಲೆ ಹಂಪವ್ವ ಆಯಿ. ಹುಲಿಗೆಮ್ಮನ ಜೋಗತಿ. ಮಂಗಳವಾರ, ಶುಕ್ರವಾರ ತಂತಿಯ ಚೌಡಿಕೆ ಹಿಡಿದು ಮನೆಮನೆಗೆ ಹಾಡುತ್ತ ಹೋಗುವವಳು. ನಮ್ಮ ಎರಡು ಮನೆಗಳ ನಡುವೆ ಇರುವುದು ಎದೆಯೆತ್ತರದ ಮಣ್ಣಿನ ಗೋಡೆ. ಸಾರಿನ ಗಡಿಗೆ, ಒಣಮೆಣಸಿನಕಾಯಿ, ನಾನು, ಮೂವರೂ ಅದನ್ನು ದಾಟುತ್ತಲೇ ಇದ್ದೆವು. ಬೆಳಿಗ್ಗೆ ಮಸೀದಿಯ ಅರಬ್ಬಿ ಪಾಠ, ಸಂಜೆ ಆಯಿಯ ಚೌಡಿಕೆ. ರಜೆಯಲ್ಲಿ ಗಂಗಾವತಿಯಲ್ಲಿ ಖಾಲಾನ ಮನೆ. ಅಲ್ಲಿ ಆಂಧ್ರದಿಂದ ಬಂದು ನೆಲೆಸಿದ ಕಾಲುವೆ ಕ್ಯಾಂಪಿನ ಹೆಂಗಸರು ಭತ್ತದ ನಾಟಿಗೆ ಬಗ್ಗಿ ತೆಲುಗಿನಲ್ಲಿ ಹಾಡುವವರು. ಇವತ್ತಿಗೂ ಆ ಹಾಡು ಹಾಡುತ್ತೇನೆ, ಅರ್ಥ ಮಾತ್ರ ಕೇಳಬೇಡಿ. ಹಾರ್ಮೋನಿಯಂ, ತತ್ವಪದ ಎಲ್ಲ ಮಠದ ಭಜನೆಯಲ್ಲಿ ಗೋಣೆಪ್ಪ ಮಾಸ್ತರರು ಹೇಳಿಕೊಟ್ಟದ್ದು.

"ಅಮ್ಮಾರು?" ಎಂದು ಕೇಳಿದರು ಭವಾನಿ.

ಅಮ್ಮ ರಾಯಚೂರಿನ ಕಡೆಯವಳು. ಮದುವೆಯಾಗಿ ಬಂದಾಗ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಬೀಸುವಾಗ ಹಾಡುತ್ತಿದ್ದಳು, ತೊಟ್ಟಿಲು ತೂಗುವಾಗ ಹಾಡುತ್ತಿದ್ದಳು. ನಾಲ್ಕು ಜನರೆದುರು ಒಮ್ಮೆಯೂ ಇಲ್ಲ. ಇಷ್ಟು ಹೇಳಿ ಚಹಾ ತರಲು ಎದ್ದೆ.

ಬಸಿಯುತ್ತಿದ್ದಾಗ ಭವಾನಿ ಕೇಳಿದರು. "ನಕ್ಕೋ ನಕ್ಕೋ ಹಾಡು ಆಯಿದು ಅಂದ್ರಿ. ನಗು ಅಂತ ಅರ್ಥ. ಆದ್ರ ನಿಮ್ಮ ಮನಿ ಮಾತಿನ್ಯಾಗ ನಕ್ಕೋ ಅಂದ್ರ ಬ್ಯಾಡ ಅಂತಲ್ಲೇನ್ರಿ?"

ಹೌದಲ್ಲ. ಎರಡೂ ಮಾತು ಹುಟ್ಟಿದಾಗಿನಿಂದ ನನ್ನ ಬಾಯಲ್ಲಿವೆ, ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿರಲಿಲ್ಲ.

ಬಾಗಿಲಲ್ಲಿ ಗಾದಿ ಹೊಲಿಯುತ್ತಿದ್ದ ಅಬ್ಬಾ ತಲೆ ಎತ್ತದೆ ಅಂದರು: "ಆ ಹಾಡ ಹಂಪವ್ವಂದಲ್ಲ. ಇಕಿ ಅಮ್ಮಂದು. ಇಕಿ ತೊಟ್ಟಲದಾಗ ಇದ್ದಾಗ ಹಾಡ್ತಿದ್ಲು, 'ನಕ್ಕೋ ನಕ್ಕೋ, ರೋ ನಕ್ಕೋ' ಅಂತ. ಅಳಬ್ಯಾಡ ಅಂತ. ಹಂಪವ್ವಗ ದಖನಿ ಎಲ್ಲಿ ಬರಬೇಕ್ರಿ? ಗ್ವಾಡಿ ಆಚಿಂದ ಕೇಳಿ, ಕೂಸಿಗೆ ನಗು ಅಂತಾಳ ಅನ್ಕೊಂಡ್ಲು. ಮುಂದಿಂದೆಲ್ಲಾ ತಾನ ಕಟ್ಟಿದ್ಲು."

ಚಹಾ ಲೋಟ ತುಂಬಿ ಕೈಮೇಲೆ ಬಂತು. ಬಿಸಿ ಅಂತ ಗೊತ್ತಾಗಲಿಲ್ಲ. ಭವಾನಿಯೇ ಎದ್ದು ಬಂದು ಪಾತ್ರೆ ಕಸಿದುಕೊಂಡರು.

ನಾನು ಅಬ್ಬಾನನ್ನು ಕೇಳಿದೆ. "ನಾ ಅದನ್ನ ಹಾಡೂದು ಅಮ್ಮಾ ಕೇಳಿದ್ಲಾ?"

"ಕೇಳಿದ್ಲು. ಯಾರೋ ಮೊಬೈಲ್‌ನ್ಯಾಗ ತೋರಿಸಿದ್ರು."

"ಏನಂದ್ಲು?"

"ಏನೂ ಅನಲಿಲ್ಲ."

ಡಿಸೆಂಬರ್ ೧೦

ಪಾತ್ರೆ ತೊಳೆಯುವಾಗ ನಾನು ಏನೋ ಗುನುಗುತ್ತಿದ್ದೆ ಅಂತ ಅಬ್ಬಾ ಅನ್ನುತ್ತಾರೆ. ಇಲ್ಲ. ಗಿರಣಿಯ ಸದ್ದು ಕೇಳಿರಬೇಕು. ಅವರಿಗೂ ವಯಸ್ಸಾಯಿತು.

ಡಿಸೆಂಬರ್ ೧೯, ಗುರುವಾರ

ಚಾಲೀಸ್ವಾ ಮುಗಿಯಿತು. ನಲವತ್ತಕ್ಕೂ ಹಂಪವ್ವ ಆಯಿ ಬರಲಿಲ್ಲ. ಮಣ್ಣಾದ ಮರುದಿನವೇ ಆಯಿ ಹುಲಿಗಿಗೆ, ತನ್ನ ತಂಗಿಯ ಮಗಳು ಶಿವಲಿಂಗಮ್ಮನ ಮನೆಗೆ ಹೋಗಿಬಿಟ್ಟಳು. ಕಾಲು ಬಾತಿದೆಯಂತೆ. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಆಯಿ ಅಳುವುದಕ್ಕೆ ಕೂತರೆ ಓಣಿಯೇ ಅಳಬೇಕು, ಅವಳೆದುರು ಒಣಗಿದ ಮುಖ ಹೊತ್ತು ಎಲ್ಲಿ ಕೂರಲಿ?

ಖಾಲಾ ಇವತ್ತು ಊರಿಗೆ ಹೊರಟಳು. ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಕೊಡುತ್ತ ನೇರವಾಗಿ ಕೇಳಿಬಿಟ್ಟೆ. "ಖಾಲಾ, ಅಮ್ಮಾ ಸಿಟ್ಟಿನಿಂದ ಅಂದ್ಲಾ?"

ಖಾಲಾ ಸೆರಗು ಸರಿಮಾಡಿಕೊಂಡಳು. "ಮಾರಿ ನನಗ ಎಲ್ಲಿ ಕಾಣಬೇಕವಾ? ನಾ ಬಾಗಲದಾಗ ಇದ್ದೆ. ಮಾತ ಕೇಳ್ತು."

"ಹತ್ರ ಯಾರಿದ್ರು?"

"ಹಂಪವ್ವ ಇದ್ಲಲ್ಲ, ಕಾಲ ತಿಕ್ಕಾಕತ್ತಿದ್ಲು."

ಮುಖ ನೋಡದೆಯೇ ಇಷ್ಟು ದಿನ ಊರಿಗೆಲ್ಲ ಕಥೆ ಹೇಳಿದಳು! ಮೈಯೆಲ್ಲ ಉರಿದುಹೋಯಿತು. ಆದರೂ ಬಸ್ಸಿನ ಕಿಟಕಿಯಲ್ಲಿ ಕೂತು ಖಾಲಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳಿಗೂ ಅಕ್ಕ ಒಬ್ಬಳೇ.

ಡಿಸೆಂಬರ್ ೩೦. ಎಳ್ಳಮಾಸಿ

ಎಳ್ಳು ಅಮಾವಾಸ್ಯೆಯ ಊಟಕ್ಕೆ ಮಾಸ್ತರರು ಹೊಲಕ್ಕೆ ಕರೆದಿದ್ದರು. ಅಬ್ಬಾ ಹೋಗೋಣ ಅಂದರು, ಹೋದೆವು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಎಳ್ಳು ಹೋಳಿಗೆ. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಸ್ವಲ್ಪ ಹೆಚ್ಚಾಗಿತ್ತು, ಮೂರನೆಯ ರೊಟ್ಟಿಯ ಹೊತ್ತಿಗೆ ಗೊತ್ತಾಯಿತು. ಬಿಳಿಜೋಳ ಸೊಂಟದೆತ್ತರ ಬಂದಿದೆ.

ಊಟ ಆದ ಮೇಲೆ ಮಾಸ್ತರರ ಮನೆಯ ಹೆಂಗಸರು ಬನ್ನಿ ಗಿಡದ ಕೆಳಗೆ ಕೂತು ಪದ ಹೇಳತೊಡಗಿದರು. ಎತ್ತಿಕೊಂಡದ್ದೇ ತೀರ ಮೇಲೆ, ಎರಡನೆಯ ಸಾಲಿಗೆ ಎಲ್ಲರ ಗಂಟಲೂ ಕಿರುಚಿತು. ಕೇಳಲಾಗದೆ ಸ್ವಲ್ಪ ಇಳಿಸಿ ಹಿಡಿದುಕೊಟ್ಟೆ, ಅವರು ಬಂದು ಕೂಡಿಕೊಳ್ಳುವ ತನಕ. ಮಾಸ್ತರರು ಎಲೆ ಅಡಿಕೆ ಮಡಿಚುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಏನ್ರಿ ನೋಡ್ತೀರಿ?"

"ಏನಿಲ್ಲ, ಇನ್ನೊಂದ ಹೋಳಿಗಿ ತಗೋವಾ."

ಬೇರೆ ಹುಡುಗಿ ಸಿಕ್ಕಳೇ ಅಂತ ಕೇಳಿದೆ. ಹುಡುಕಿಲ್ಲ ಅಂದರು. ಕೊಪ್ಪಳಕ್ಕೆ ಆ ಹಾಡು ಹಾಡ್ತೀಯಾ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಆ ಮಾತೊಂದನ್ನು ಹೇಳಿ ನೋಡಿದ್ದೇನೆ. ಹಾಡುವುದು ಹಾಗಿರಲಿ, ಬಾಯಿಮಾತಿಗೂ ಬರುವುದಿಲ್ಲ. ತರಕಾರಿಯವನಿಗೂ ಈಗ ಬ್ಯಾಡ ಅನ್ನುತ್ತೇನೆ, ಕೈಯಾಡಿಸುತ್ತೇನೆ.

ಭವಾನಿಗೆ ಫೋನ್ ಮಾಡಿ, ಹಂಪವ್ವ ಆಯಿಯ ಹಾಡು ಬೇಕಾದರೆ ಶುಕ್ರವಾರ ಹುಲಿಗಿಗೆ ಬನ್ನಿ ಅಂದೆ. ಒಬ್ಬಳೇ ಹೋಗಲು ಧೈರ್ಯ ಸಾಲದು.

ಜನವರಿ ೩, ಶುಕ್ರವಾರ

ಕೊಪ್ಪಳದಲ್ಲಿ ಭವಾನಿ ಬಸ್ಸು ಹತ್ತಿದರು. ಹುಲಿಗಿಯಲ್ಲಿ ಶುಕ್ರವಾರದ ಗದ್ದಲ. ಹೊಳೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲೇ ಬರುವವರು, ತೆಂಗಿನಕಾಯಿ, ಕುಂಕುಮ, ಆಟೋದವರ ಕೂಗು. ಗುಡಿಯ ದಾರಿಯಲ್ಲಿ ಶಿವಲಿಂಗಮ್ಮನ ಕುಂಕುಮ ಭಂಡಾರದ ಅಂಗಡಿ. ಅದರ ಹಿಂದೆ ಗೋಣಿತಟ್ಟಿನ ಮೇಲೆ ಆಯಿ ಕಾಲು ಚಾಚಿ ಕೂತಿದ್ದಳು. ಸಣ್ಣಗಾಗಿದ್ದಾಳೆ. ನನ್ನನ್ನು ಕಂಡದ್ದೇ ತಡ ಶುರುಮಾಡಿದಳು.

"ಈಗ ಬಂದ್ಯಾ? ನಾ ಸತ್ತಿನೋ ಇದ್ದಿನೋ ನೋಡಾಕ ಬಂದ್ಯಾ? ಸರ್ದಾರವ್ವ ಇದ್ದಿದ್ರ ಹಿಂಗ ಬಿಡ್ತಿದ್ಲೇನು ನನ್ನ?"

ಅಮ್ಮನನ್ನು ಸರ್ದಾರಬೀ ಅನ್ನುವುದು ಆಯಿಗೆ ಎಂದೂ ಬರಲಿಲ್ಲ. ಬೈದಳು, ಅತ್ತಳು, ಮತ್ತೆ ಬೈದಳು. ಭವಾನಿಯ ತಲೆ ಸವರಿ, ಈಕೆ ಯಾರು, ಮದುವೆಯಾಗಿದೆಯೇ ಅಂತ ವಿಚಾರಿಸಿದಳು. ನಾನು ಗೋಡೆಗೆ ಒರಗಿ ಕೂತಿದ್ದೆ. ಅಳು ಕೇಳಿಸುತ್ತಿತ್ತು, ಒಳಗೆ ಬರುತ್ತಿರಲಿಲ್ಲ.

ಅವಳು ಮೂಗು ಒರೆಸಿಕೊಳ್ಳಲು ನಿಂತಾಗ ಕೇಳಿದೆ. "ಆಯಿ, ಅಮ್ಮಾ ನನ್ನ ಕೈ ನೀರು ಬ್ಯಾಡ ಅಂದ್ಲಲ್ಲ, ಸಿಟ್ಟಿತ್ತೇನು ನನ್ನ ಮ್ಯಾಲ?"

"ನೀರ? ಯಾವ ನೀರ?"

"ಝಮ್‌ಝಮ್ ನೀರು. ಚಮಚದಾಗ ಹಿಡದಿದ್ನಲ್ಲ."

"ಯಾರಂದ್ರು ನೀರ ಬ್ಯಾಡಂದ್ಲಂತ? ಆಕಿ ಚಮಚ ಎಲ್ಲಿ ನೋಡಿದ್ಲು? ನಿನ್ನ ಮಾರಿ ನೋಡಿದ್ಲು. ನೀರೆಲ್ಲಾ ನೀನ ಆಕಿ ಕೊಳ್ಳ ಮ್ಯಾಲ ಚೆಲ್ಲಿದ್ದಿ. ಹಂಗ ಅಳಾಕತ್ತಿದ್ದೆಲ್ಲ ನೀನು."

"ನಾ ಅಳಲಿಲ್ಲ ಆಯಿ. ನಾ ಅತ್ತೇ ಇಲ್ಲ."

"ಅತ್ತಿ ಹುಚ್ಚಿ! ನಾ ಕಾಲಕಡೆ ಕುಂತಿದ್ದಿಲ್ಲೇನು? ಮೂಗು ಸೋರಿ, ಗದ್ದ ನಡುಗಿ, ತೊಟ್ಟಲದಾಗಿನ ಕೂಸು ಅತ್ಹಂಗ ಅಳಾಕತ್ತಿದ್ದಿ. ಆಕಿ ಕಣ್ಣ ತೆರದ್ಲು, ನಿನ್ನ ಮಾರಿ ನೋಡಿದ್ಲು, ನಕ್ಕೋ ಅಂದ್ಲು. ನಾ ಅನ್ಕೊಂಡೆ, ನೋಡವಾ ತಾಯೀ, ಜೀವ ಹೋಗೂ ಹೊತ್ತಿನ್ಯಾಗೂ ಮಗಳಿಗೆ ನಗು ಅಂತಾಳ. ಅಂದ ಕೂಡ್ಲೇ ನೀ ಗಪ್ಪಾದಿ. ಕಣ್ಣೊರಸ್ಕೊಂಡು ಹಂಗ ಕುಂತಿ. ಆಮ್ಯಾಲ ಒಂದ ಹನಿ ಹಾಕಲಿಲ್ಲ ನೀನು."

ಭವಾನಿ ನನ್ನನ್ನು ನೋಡಿದರು. ಅವರಿಗೆ ನನಗಿಂತ ಮೊದಲೇ ತಿಳಿದಿತ್ತು ಅನಿಸುತ್ತದೆ. ಆಯಿಗೆ ಹೇಳಿದೆ: ಅಮ್ಮ ನಗು ಅನ್ನಲಿಲ್ಲ ಆಯಿ, ಅಮ್ಮನ ಮಾತಿನಲ್ಲಿ ಅದು ಅಳಬೇಡ ಅಂತ. ನೀನು ಗೋಡೆಯಾಚೆಯಿಂದ ಕೇಳಿ ಕಟ್ಟಿದ ಹಾಡೂ ಮೊದಲು ಅದೇ ಆಗಿತ್ತು.

ಆಯಿ ನಕ್ಕೋ, ನಕ್ಕೋ ಅಂತ ತಾನೇ ಎರಡು ಸಲ ಅಂದು ನೋಡಿದಳು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದಳು. "ಅಯ್ಯ ನನ ಸರ್ದಾರವ್ವ! ಮೂವತ್ತ ವರ್ಷ ನಾ ತಪ್ಪ ಹಾಡೂದು ಕೇಳಿ ಗಪ್ಪ ಕುಂತಿದ್ಲಲ್ಲ! ಒಂದ ದಿನಾನೂ ಹೇಳಲಿಲ್ಲಲ್ಲ!"

ಹೌದು, ಅಮ್ಮ ಹೇಳಲಿಲ್ಲ. ಆಯಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನಮ್ಮಿಬ್ಬರ ಬಾಯಲ್ಲೂ ಅದು ನಗುವಾಗಿಯೇ ಇರಲಿ ಅಂದುಕೊಂಡಳೇನೋ.

ಆಯಿ ಗೋಡೆಯ ಮೊಳೆಯಲ್ಲಿದ್ದ ಚೌಡಿಕೆ ತೆಗೆಸಿದಳು. "ಹಾಡು. ಆಕಿ ಹಾಡ್ತಿದ್ದಂಗ ಹಾಡು, ನಾನೂ ಕೇಳ್ತೀನಿ" ಅಂದಳು. ತಂತಿ ಮೀಟಿದಳು. ಭವಾನಿ ಮಷೀನು ಒತ್ತಿದರು. ನಾನು ಕಣ್ಣು ಮುಚ್ಚಿದೆ. ಆಗ ಅಮ್ಮನ ಮುಖ ಬಂತು. ದಿಂಬಿನ ಮೇಲಿನ ಮುಖ. ಕೊರಳು ಒದ್ದೆಯಾಗಿತ್ತು. ಸಿಟ್ಟು ಎಲ್ಲೂ ಇರಲಿಲ್ಲ.

ನಕ್ಕೋ ನಕ್ಕೋ, ರೋ ನಕ್ಕೋ, ಎಂದು ಹಾಡಿದೆ. ಮಾತು ಬಂತು. ಎರಡನೆಯ ಸಲ ಅದೇ ಸಾಲಿಗೆ ಹೋದಾಗ ಸ್ವರ ಮುರಿಯಿತು, ಮುಂದಕ್ಕೆ ಹೋಗಲಿಲ್ಲ. ಆಯಿ ಮೀಟುವುದನ್ನು ನಿಲ್ಲಿಸಲಿಲ್ಲ. ಅಂಗಡಿಗೆ ಬಂದವರು ಇಣುಕಿ ನೋಡಿದರು, ಶಿವಲಿಂಗಮ್ಮ ಪರದೆ ಎಳೆದಳು.

ಇಷ್ಟು ದಿನ ನನಗೆ ಏನೋ ಕೆಟ್ಟುಹೋಗಿದೆ ಅಂದುಕೊಂಡಿದ್ದೆ. ಏನೂ ಕೆಟ್ಟಿರಲಿಲ್ಲ. ಅಳಬೇಡ ಅಂದೆಯಲ್ಲ ಅಮ್ಮಾ, ನಾನು ನಿನ್ನ ಮಾತು ಕೇಳಿಕೊಂಡು ಕೂತಿದ್ದೆ.

ಇವತ್ತು ಕೇಳಲಿಲ್ಲ.